ತರುಣರ ಚಿತ್ತವಿಕಲತೆಯೂ ಮೈಕೈಯ ಸಣ್ಣ ಸೂಚನೆಗಳೂ

ವಾಚನಾಲಯದ ಮಾಸಿಕ ಉಪನ್ಯಾಸ ಕಾರ್ಯಕ್ರಮದಲ್ಲಿ ಮಾಡಿದ ಭಾಷಣ



ಈ ವೇದಿಕೆಯ ಮೇಲೆ ನಿಂತು ಉಪನ್ಯಾಸ ಮಾಡುವಷ್ಟು ಪಾಂಡಿತ್ಯ ನನಗಿಲ್ಲ. ನಾನು ವೈದ್ಯನಲ್ಲ, ಅಧ್ಯಾಪಕನೂ ಅಲ್ಲ. ಮೆಟ್ರಿಕ್ ತನಕ ಓದಿ, ನೂಲಿನ ಗಿರಣಿಯೊಂದರಲ್ಲಿ ಹಾಜರಿ ಪುಸ್ತಕ ಬರೆಯುವ ಗುಮಾಸ್ತ. ಸಂಜೆ ಎರಡು ತಾಸು ಇಲ್ಲಿ ಕುಳಿತು ಪತ್ರಿಕೆಗಳನ್ನು ಜೋಡಿಸಿಡುವುದು, ಪುಸ್ತಕ ಕೊಡುವುದು, ತೆಗೆದುಕೊಳ್ಳುವುದು ನನ್ನಿಂದಾಗುವ ಸೇವೆ. ಹೀಗಿದ್ದರೂ ಈ ವಿಷಯವನ್ನು ನಾನೇ ಕೇಳಿ ತೆಗೆದುಕೊಂಡೆ. ಅದಕ್ಕೆ ಕಾರಣ ನನ್ನ ಮನೆಯಲ್ಲೇ ಇದೆ. ಮೊದಲು ಅದನ್ನು ಹೇಳಿ ಆಮೇಲೆ ವಿಷಯಕ್ಕೆ ಬರುತ್ತೇನೆ.

ನನ್ನ ಅಣ್ಣನಿಗೆ ಒಬ್ಬನೇ ಮಗ. ಅವನ ಹೆಸರು ಹೇಳುವುದಿಲ್ಲ. ಆದರೆ ಅವನ ಮತ್ತು ಅಣ್ಣನ ಒಪ್ಪಿಗೆ ಪಡೆದೇ ಮಾತನಾಡುತ್ತಿದ್ದೇನೆ. ಚಿಕ್ಕಂದಿನಿಂದಲೂ ಅವನ ಕೈ ತುಸು ತಡವರಿಸುವ ಕೈ. ಅಂಗಿಯ ಗುಂಡಿ ಹಾಕಲು ಹೊತ್ತು ಹಿಡಿಯುತ್ತಿತ್ತು. ಶಾಲೆಯ ಕವಾಯತಿನಲ್ಲಿ ಎಲ್ಲರ ಎಡಗಾಲು ಮುಂದೆ ಬಂದರೆ ಅವನ ಬಲಗಾಲು ಬರುತ್ತಿತ್ತು. ನಾವು ನಕ್ಕು ಬಿಡುತ್ತಿದ್ದೆವು. ಹದಿನೇಳು ತುಂಬಿದ ಮೇಲೆ ಮಾತು ಕಡಿಮೆಯಾಯಿತು. ಗೆಳೆಯರನ್ನು ಬಿಟ್ಟ. ಸ್ನಾನ ಬಿಟ್ಟ. ರಾತ್ರಿಯೆಲ್ಲ ಎಚ್ಚರವಿದ್ದು ಹಗಲು ಮಲಗತೊಡಗಿದ. ಆ ಕಾಲಕ್ಕೆ ಒಂದು ದಿನ ನಾನು ಅವರ ಮನೆಗೆ ಹೋಗಿದ್ದೆ. ಅವನು ತಂದ ಚಹಾದ ಕಪ್ಪು ಕೈತಪ್ಪಿ ನೆಲಕ್ಕೆ ಬಿತ್ತು. ಅಣ್ಣ ಎದ್ದು ಕಪಾಳಕ್ಕೆ ಹೊಡೆದ. ನಾನು ತಡೆಯಲಿಲ್ಲ. ತಡೆಯದಿದ್ದುದಷ್ಟೇ ಅಲ್ಲ, "ಇಷ್ಟ ದೊಡ್ಡಾಂವ ಆಗಿ ಒಂದ ಕಪ್ಪ ಹಿಡೀಲಿಕ್ಕೆ ಬರೂದಿಲ್ಲೇನೋ" ಎಂದು ಮೇಲೆ ಒಂದು ಮಾತನ್ನೂ ಅಂದೆ. ಹುಡುಗ ನನ್ನ ಕಡೆ ನೋಡಿ, "ಕಾಕಾ, ನಾ ಬೇಕಂತ ಕೆಡವಲಿಲ್ಲ" ಎಂದ. ಅಷ್ಟೇ.

ಆಮೇಲೆ ಹದಿನಾಲ್ಕು ತಿಂಗಳು ಕಳೆದವು. ಅಷ್ಟರಲ್ಲಿ ತಾಯಿತ ಕಟ್ಟಿಸಿದ್ದಾಯಿತು, ದೃಷ್ಟಿ ತೆಗೆಸಿದ್ದಾಯಿತು, ಹರಕೆ ಹೊತ್ತದ್ದಾಯಿತು. ಕೆಲಸಕ್ಕೆ ಹಚ್ಚಿದರೆ ಸರಿಹೋಗುತ್ತಾನೆಂದು ನಾನೇ ಅವನನ್ನು ಒಂದು ಅಂಗಡಿಗೆ ಸೇರಿಸಿದೆ. ಎಂಟನೆಯ ದಿನಕ್ಕೆ ಬಿಡಿಸಿ ಕಳಿಸಿದರು. ಗೋಡೆಯ ಆಚೆಯಿಂದ ನೆರೆಯವರು ತನ್ನನ್ನೇ ಆಡಿಕೊಳ್ಳುತ್ತಿದ್ದಾರೆಂದು ಅವನು ರಾತ್ರಿ ಕಿರಿಚಿದಾಗಲೇ ನಮಗೆ ಬುದ್ಧಿ ಬಂದು ಮನೋವೈದ್ಯರ ಬಳಿ ಕರೆದೊಯ್ದದ್ದು.

ಆ ವೈದ್ಯರು ಮಾಡಿದ ಒಂದು ಪರೀಕ್ಷೆ ನನ್ನನ್ನು ಚಕಿತಗೊಳಿಸಿತು. ಹುಡುಗನೊಡನೆ ಬಹಳ ಹೊತ್ತು ಮಾತನಾಡಿದ ಮೇಲೆ ಅವರು, "ಮೇಜಿನ ಮೇಲೆ ಮೊದಲು ಮುಷ್ಟಿ ಇಡು, ಆಮೇಲೆ ಅಂಗೈಯ ಅಂಚು ಇಡು, ಆಮೇಲೆ ಅಂಗೈಯನ್ನು ಬೋರಲು ಇಡು, ಹೀಗೆ ಮಾಡುತ್ತ ಹೋಗು" ಎಂದರು. ತಾವೂ ಮಾಡಿ ತೋರಿಸಿದರು. ಅವನಿಗೆ ಮೂರನೆಯ ಸುತ್ತಿಗೇ ಕ್ರಮ ತಪ್ಪಿತು. ಮುಷ್ಟಿಯ ನಂತರ ಮತ್ತೆ ಮುಷ್ಟಿ ಬಂತು. ಬಲಗೈ ಮಾಡುವಾಗ ತೊಡೆಯ ಮೇಲಿದ್ದ ಎಡಗೈಯ ಬೆರಳುಗಳೂ ತಾವಾಗಿಯೇ ಅಲುಗುತ್ತಿದ್ದವು. ಕಣ್ಣು ಮುಚ್ಚಿಸಿ ಅಂಗೈಯಲ್ಲಿ ಅಂಕಿ ಬರೆದು "ಇದು ಯಾವುದು?" ಎಂದು ಕೇಳಿದರು. ಎರಡು ಸಲ ತಪ್ಪು ಹೇಳಿದ. ಕೈಯಲ್ಲಾಗಲಿ ಕಾಲಲ್ಲಾಗಲಿ ಬಲ ಕಡಿಮೆಯಿರಲಿಲ್ಲ. ವೈದ್ಯರು ಅಣ್ಣನ ಕಡೆ ತಿರುಗಿ, "ನಿಮ್ಮ ಹುಡುಗ ಸೋಮಾರಿಯಲ್ಲ, ಮೊಂಡನೂ ಅಲ್ಲ. ಇವು ಮಿದುಳಿಗೆ ಸಂಬಂಧಪಟ್ಟ ಸಣ್ಣ ಸೂಚನೆಗಳು" ಎಂದರು. ಆ ಹೊತ್ತಿಗೆ ನನಗೆ ನೆನಪಾದದ್ದು ಒಡೆದ ಕಪ್ಪು.

ಇನ್ನು ವಿಷಯಕ್ಕೆ ಬರೋಣ.

ಸೈಕೋಸಿಸ್ ಎಂದು ವೈದ್ಯರು ಕರೆಯುವುದನ್ನು ನಾನಿಲ್ಲಿ ಚಿತ್ತವಿಕಲತೆ ಎನ್ನುತ್ತೇನೆ. ಇಲ್ಲದ ಧ್ವನಿ ಕೇಳಿಸುವುದು, ಯಾರೋ ತನಗೆ ಕೇಡು ಬಗೆಯುತ್ತಿದ್ದಾರೆಂದು ಎಷ್ಟು ಹೇಳಿದರೂ ಕದಲದ ಸಂಶಯ, ಮಾತಿಗೆ ಮಾತು ಹೊಂದದಿರುವುದು, ಇವು ಅದರ ಮುಖ್ಯ ಗುಣಗಳು. ಇದು ಹಲವು ಕಾರಣಗಳಿಂದ ಬರಬಹುದು. ದೀರ್ಘಕಾಲ ಉಳಿಯುವ ಒಂದು ಬಗೆಗೆ ಸ್ಕಿಜೋಫ್ರೇನಿಯಾ ಎಂದು ಹೆಸರು. ಆ ಹೆಸರನ್ನು ಸ್ವಿಟ್ಜರ್ಲೆಂಡಿನ ಬ್ಲಾಯ್ಲರ್ ಎಂಬ ವೈದ್ಯರು 1908ರಲ್ಲಿ ಬಳಕೆಗೆ ತಂದರು. ಜಗತ್ತಿನಲ್ಲಿ 2 ಕೋಟಿಗೂ ಮೀರಿದ ಜನರಿಗೆ ಈ ರೋಗವಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹೆಚ್ಚಾಗಿ ಇದು ತಲೆದೋರುವುದು ಹದಿಹರೆಯದ ಕೊನೆಯಿಂದ ಇಪ್ಪತ್ತರ ದಶಕದೊಳಗೆ. ಎಂದರೆ ಕಾಲೇಜಿಗೆ ಹೋಗುವ, ಕೆಲಸಕ್ಕೆ ಸೇರುವ, ಮನೆಯವರು ಆಸೆಯಿಟ್ಟು ನೋಡುವ ವಯಸ್ಸಿನಲ್ಲಿ.

ಈ ರೋಗವನ್ನು ನಾವೆಲ್ಲ ಮನಸ್ಸಿನದೆಂದೇ ತಿಳಿದಿದ್ದೇವೆ. ಮೈಕೈಗೂ ಇದಕ್ಕೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧವುಂಟು. ರೋಗವುಳ್ಳ ಅನೇಕರಲ್ಲಿ ನಡಿಗೆ, ಕೈಚಳಕ, ಸ್ಪರ್ಶಜ್ಞಾನ ಇವುಗಳಲ್ಲಿ ಸೂಕ್ಷ್ಮವಾದ ತೊಡಕುಗಳು ಕಾಣುತ್ತವೆ. ಇವಕ್ಕೆ ವೈದ್ಯರ ಭಾಷೆಯಲ್ಲಿ ಸಾಫ್ಟ್ ಸೈನ್ಸ್ ಎಂದು ಹೆಸರು. ಮೃದು ಸೂಚನೆಗಳು ಎನ್ನೋಣ. ಅಮೇರಿಕದ ಲೊರೆಟ್ಟಾ ಬೆಂಡರ್ ಎಂಬ ಮಹಿಳಾ ವೈದ್ಯರು 1947ರಲ್ಲಿ ಇಂಥ ರೋಗದ ಮಕ್ಕಳ ಕುರಿತು ಬರೆಯುವಾಗ ಈ ಮಾತನ್ನು ಬಳಸಿದರು.

ಮೃದು ಎಂದೇಕೆ? ಪಾರ್ಶ್ವವಾಯು ಹೊಡೆದವನ ಬಾಯಿ ಸೊಟ್ಟಗಾಗುತ್ತದೆ, ಒಂದು ಕೈ ಬಿದ್ದುಹೋಗುತ್ತದೆ. ಅದನ್ನು ನೋಡಿದೊಡನೆ ಮಿದುಳಿನ ಯಾವ ಭಾಗಕ್ಕೆ ಪೆಟ್ಟಾಗಿದೆಯೆಂದು ವೈದ್ಯರು ಬೆರಳಿಟ್ಟು ಹೇಳಬಲ್ಲರು. ಅದು ಗಟ್ಟಿಯಾದ ಸೂಚನೆ. ಮೃದು ಸೂಚನೆಯಲ್ಲಿ ಹಾಗಿಲ್ಲ. ಕೈಗೆ ಬಲವಿದೆ, ಆದರೆ ಒಂದಾದ ಮೇಲೊಂದು ಚಲನೆಯನ್ನು ಸರಾಗವಾಗಿ ಜೋಡಿಸಲಾಗದು. ಚರ್ಮಕ್ಕೆ ಸ್ಪರ್ಶ ತಿಳಿಯುತ್ತದೆ, ಆದರೆ ಮುಟ್ಟಿದ ವಸ್ತು ಕೀಲಿಯೋ ನಾಣ್ಯವೋ ಎಂದು ಕಣ್ಣು ಮುಚ್ಚಿಕೊಂಡು ಹೇಳುವುದು ಕಷ್ಟ. ಇಲ್ಲಿ ಒಂದು ಜಾಗ ಕೆಟ್ಟದ್ದಲ್ಲ. ಹಲವು ಜಾಗಗಳು ಕೂಡಿ ಮಾಡುವ ಕೆಲಸದಲ್ಲಿ ಹೊಂದಾಣಿಕೆ ತಪ್ಪಿದೆ.

ವೈದ್ಯರು ಇವನ್ನು ಹುಡುಕಲು ಯಾವ ದೊಡ್ಡ ಯಂತ್ರವೂ ಬೇಕಿಲ್ಲ. 1989ರಲ್ಲಿ ಬುಕಾನನ್ ಮತ್ತು ಹೈನ್‌ರಿಕ್ಸ್ ಎಂಬ ಅಮೇರಿಕದ ಇಬ್ಬರು ಸಂಶೋಧಕರು 26 ಅಂಶಗಳ ಒಂದು ಪಟ್ಟಿಯನ್ನು ಪ್ರಕಟಿಸಿದರು. ಬಹುಪಾಲು ಅಂಶಗಳಿಗೆ ಸೊನ್ನೆ, ಒಂದು, ಎರಡು ಎಂದು ಅಂಕ. ಒಂದು ಹಿಮ್ಮಡಿಗೆ ಇನ್ನೊಂದು ಕಾಲ ಹೆಬ್ಬೆರಳು ತಾಗಿಸಿ ನೇರ ಗೆರೆಯ ಮೇಲೆ ನಡೆಯುವುದು; ಪಾದ ಜೋಡಿಸಿ ಕಣ್ಣು ಮುಚ್ಚಿ ನಿಲ್ಲುವುದು; ಹೆಬ್ಬೆರಳಿಗೆ ಉಳಿದ ಬೆರಳುಗಳನ್ನು ಸಾಲಾಗಿ ತಾಗಿಸುವುದು; ವೈದ್ಯರು ತಟ್ಟಿದ ತಾಳವನ್ನು ಹಾಗೆಯೇ ತಟ್ಟುವುದು; ಎಡ ಬಲ ಗುರುತಿಸುವುದು; ಇಂಥವೇ ಆ ಅಂಶಗಳು. ಕಣ್ಣು ಮುಚ್ಚಿ ನಿಲ್ಲಿಸುವ ಪರೀಕ್ಷೆಗೆ ಹತ್ತೊಂಬತ್ತನೆಯ ಶತಮಾನದ ಜರ್ಮನ್ ವೈದ್ಯ ರೋಂಬರ್ಗ್ ಅವರ ಹೆಸರಿದೆ. ಮುಷ್ಟಿ, ಅಂಚು, ಅಂಗೈ ಎಂಬ ಪರೀಕ್ಷೆ ರಷ್ಯದ ಮನೋವಿಜ್ಞಾನಿ ಲೂರಿಯಾ ಅವರಿಂದ ಪ್ರಸಿದ್ಧವಾಯಿತು.

ಈ ಇಬ್ಬರೇ 1988ರಲ್ಲಿ ಆವರೆಗಿನ ಸಂಶೋಧನೆಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ್ದರು. ಸ್ಕಿಜೋಫ್ರೇನಿಯಾ ಇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಇಂಥ ಸೂಚನೆಗಳಿದ್ದವು. ಆರೋಗ್ಯವಂತರಲ್ಲಿ ನೂರಕ್ಕೆ ಸುಮಾರು 5 ಜನರಲ್ಲಿ ಮಾತ್ರ.

ಇಲ್ಲಿ ಒಂದು ಸಂಶಯ ಬರುವುದು ಸಹಜ. ಈ ರೋಗಕ್ಕೆ ಕೊಡುವ ಗುಳಿಗೆಗಳಿಂದಲೇ ಕೈ ನಡುಗುತ್ತದೆ, ಮೈ ಬಿಗಿಯುತ್ತದೆ ಎಂದು ನಾವು ಕೇಳಿದ್ದೇವೆ. 1952ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೊಮಜಿನ್ ಎಂಬ ಔಷಧವನ್ನು ಈ ರೋಗಕ್ಕೆ ಕೊಡಲಾರಂಭಿಸಿದ ಮೇಲೆ ಅಂಥ ಅಡ್ಡ ಪರಿಣಾಮಗಳು ಕಂಡದ್ದು ನಿಜ. ಹಾಗಾದರೆ ಈ ಸೂಚನೆಗಳೂ ಔಷಧದ ಫಲವೇ? ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರೂ ಇದ್ದಾರೆ. ಒಂದು ಗುಳಿಗೆಯನ್ನೂ ನುಂಗದೆ ಬಂದ ರೋಗಿಗಳನ್ನು ಅವರು ಪರೀಕ್ಷಿಸಿದರು. ಅವರಲ್ಲಿಯೂ ಮೃದು ಸೂಚನೆಗಳು ಆರೋಗ್ಯವಂತರಿಗಿಂತ ಹೆಚ್ಚಾಗಿದ್ದವೆಂದು 2003ರಲ್ಲಿ ಪ್ರಕಟಿಸಿದರು. ಆದ್ದರಿಂದ ಔಷಧದಿಂದ ಬರುವ ನಡುಕ, ಬಿಗಿತ ಬೇರೆ. ರೋಗದ ಜೊತೆಗೇ ಬರುವ ಈ ತೊಡಕು ಬೇರೆ. ಎರಡನ್ನೂ ಬಿಡಿಸಿ ನೋಡುವುದು ವೈದ್ಯರ ಕೆಲಸ. ಅದಕ್ಕೇ ಮೊದಲ ಗುಳಿಗೆ ಕೊಡುವ ಮುನ್ನವೇ ಮೈಕೈ ಪರೀಕ್ಷಿಸಿ ಬರೆದಿಡುವುದು ಒಳ್ಳೆಯ ಪದ್ಧತಿ.

ಇನ್ನೂ ಹಿಂದಕ್ಕೆ ಹೋದವರಿದ್ದಾರೆ. ಅಮೇರಿಕದ ಎಲೇನ್ ವಾಕರ್ ಎಂಬ ವಿದುಷಿ 1990ರ ದಶಕದಲ್ಲಿ ಒಂದು ಜಾಣತನದ ಉಪಾಯ ಮಾಡಿದರು. ದೊಡ್ಡವರಾದ ಮೇಲೆ ಈ ರೋಗ ಬಂದವರ ಮನೆಗಳಿಂದ, ಅವರು ಮಕ್ಕಳಾಗಿದ್ದಾಗ ತಂದೆತಾಯಿಗಳು ತೆಗೆದಿದ್ದ ಮನೆಯ ಸಿನಿಮಾ ಸುರುಳಿಗಳನ್ನು ತರಿಸಿದರು. ಯಾವ ಮಗುವಿಗೆ ಮುಂದೆ ರೋಗ ಬಂತು, ಯಾವ ಅಕ್ಕತಂಗಿ ಅಣ್ಣತಮ್ಮ ಆರೋಗ್ಯವಾಗಿ ಉಳಿದರು ಎಂಬುದನ್ನು ತಿಳಿಸದೆ ನೋಡುಗರಿಗೆ ತೋರಿಸಿದರು. ಮುಂದೆ ರೋಗ ಬಂದ ಮಕ್ಕಳ ಚಲನೆಯಲ್ಲಿ, ಅದೂ ಮೊದಲ ಎರಡು ವರ್ಷಗಳಲ್ಲಿ, ತೊಡಕುಗಳು ಹೆಚ್ಚಾಗಿ ಕಂಡವು. ಡೆನ್ಮಾರ್ಕಿನಲ್ಲಿ 1972ರಲ್ಲಿ ಹನ್ನೊಂದರಿಂದ ಹದಿಮೂರು ವಯಸ್ಸಿನ 265 ಮಕ್ಕಳು ಮಧ್ಯಾಹ್ನದ ಊಟ ಮಾಡುವುದನ್ನು ಚಿತ್ರೀಕರಿಸಿಟ್ಟಿದ್ದರು. ಆ ಮಕ್ಕಳು ದೊಡ್ಡವರಾದ ಮೇಲೆ ಚಿತ್ರಗಳನ್ನು ನೋಡಿ 2004ರಲ್ಲಿ ಪ್ರಕಟಿಸಿದ ಫಲವೂ ಇದೇ ದಿಕ್ಕಿನದು. ಬ್ರಿಟನ್ನಿನಲ್ಲಿ 1946ರ ಮಾರ್ಚ್ ತಿಂಗಳ ಒಂದೇ ವಾರದಲ್ಲಿ ಹುಟ್ಟಿದ ಮಕ್ಕಳನ್ನು ದಶಕಗಳ ಕಾಲ ಗಮನಿಸಿದರು. ಮುಂದೆ ಸ್ಕಿಜೋಫ್ರೇನಿಯಾ ಬಂದವರು ಸರಾಸರಿಯಲ್ಲಿ ಒಂದು ತಿಂಗಳಿಗಿಂತ ತುಸು ಹೆಚ್ಚು ತಡವಾಗಿ ನಡೆಯಲು ಕಲಿತಿದ್ದರೆಂದು 1994ರಲ್ಲಿ ತಿಳಿಸಿದರು.

ಇದರಿಂದ ಏನು ತಿಳಿಯುತ್ತದೆ? ರೋಗ ಕಣ್ಣಿಗೆ ಬೀಳುವುದು ಹದಿನೆಂಟರಲ್ಲೋ ಇಪ್ಪತ್ತರಲ್ಲೋ ಇರಬಹುದು. ಆದರೆ ಅದರ ಬೇರು ಮಿದುಳು ಬೆಳೆಯುವ ಕಾಲದಲ್ಲೇ ಇದ್ದಿರಬೇಕು. ಕಿರುಮೆದುಳು, ನಡುವಿನ ಥ್ಯಾಲಮಸ್, ಮುಂಭಾಗದ ಹೊರಪದರ ಇವು ಒಂದರೊಡನೊಂದು ಸಂದೇಶ ಕಳಿಸುತ್ತ ಚಲನೆಯನ್ನು ಹದಗೊಳಿಸುತ್ತವೆ. ವಿಚಾರವನ್ನು ಹದಗೊಳಿಸುವುದರಲ್ಲಿಯೂ ಇದೇ ಸುತ್ತುದಾರಿಗೆ ಪಾಲಿದೆಯೆಂದು ಅಮೇರಿಕದ ನ್ಯಾನ್ಸಿ ಆಂಡ್ರಿಯಾಸನ್ 1998ರಲ್ಲಿ ವಾದಿಸಿದರು. ಕೈಯ ಹೆಜ್ಜೆ ತಪ್ಪುವುದಕ್ಕೂ ವಿಚಾರದ ಹೆಜ್ಜೆ ತಪ್ಪುವುದಕ್ಕೂ ಒಳಗೆಲ್ಲೋ ನಂಟಿದೆ ಎಂಬುದು ಅದರ ಸಾರ.

ನನ್ನ ಗಿರಣಿಯ ಮಾತಿನಲ್ಲಿ ಹೇಳುವುದಾದರೆ, ರಿಂಗ್ ಫ್ರೇಮಿನ ಮೇಲೆ ನೂಲು ಪದೇ ಪದೇ ಹರಿದರೆ ಮೊದಲು ಬೈಗುಳ ಬೀಳುವುದು ನೂಲು ಜೋಡಿಸುವ ಹೆಣ್ಣುಮಗಳಿಗೆ. ಅನುಭವಸ್ಥನಾದ ಫಿಟ್ಟರ್ ಹಾಗೆ ಬೈಯುವುದಿಲ್ಲ. ಹಿಂದಿನ ಖಾತೆಯಲ್ಲಿ ಹತ್ತಿ ಸರಿಯಾಗಿ ಹಿಂಜಿದೆಯೇ, ಎಳೆ ಸಮನಾಗಿ ಬಂದಿದೆಯೇ ಎಂದು ನೋಡುತ್ತಾನೆ. ನಾವು ನಮ್ಮ ಹುಡುಗನನ್ನು ಬೈಯುವ ಜಾಬರುಗಳಾಗಿದ್ದೆವು. ಫಿಟ್ಟರ್ ಬಂದದ್ದು ಹದಿನಾಲ್ಕು ತಿಂಗಳ ಮೇಲೆ.

ಸಭಿಕರೇ, ಈಗ ನಾನು ಹೇಳುವ ಮಾತನ್ನು ದಯವಿಟ್ಟು ಹೆಚ್ಚು ಗಮನವಿಟ್ಟು ಕೇಳಬೇಕು. ಮನೆಗೆ ಹೋಗಿ ನಿಮ್ಮ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಮುಷ್ಟಿ, ಅಂಚು, ಅಂಗೈ ಎಂದು ಪರೀಕ್ಷೆ ಮಾಡಬೇಡಿ. ಅದರಿಂದ ಕೇಡೇ ಹೆಚ್ಚು. ಅದಕ್ಕೆ ಮೂರು ಕಾರಣಗಳನ್ನು ಹೇಳುತ್ತೇನೆ.

ಒಂದು, ಚಿಕ್ಕ ಮಕ್ಕಳಲ್ಲಿ ಇಂಥ ತೊಡಕು ಸಹಜವಾದದ್ದು. ಒಂದು ಕೈ ಮಾಡಿದ್ದನ್ನು ಇನ್ನೊಂದು ಕೈಯೂ ಮಾಡುವುದು ಎಳೆಯ ವಯಸ್ಸಿನ ಗುಣ. ಮಿದುಳು ಬಲಿತಂತೆ ಅದು ಮರೆಯಾಗುತ್ತದೆ.

ಎರಡು, ಈ ಸೂಚನೆಗಳು ಒಂದೇ ರೋಗದ ಸ್ವತ್ತಲ್ಲ. ಓದು ಬರಹದಲ್ಲಿ ಹಿಂದುಳಿದ ಮಕ್ಕಳಲ್ಲಿ, ಚಂಚಲ ಸ್ವಭಾವದ ಮಕ್ಕಳಲ್ಲಿ, ಬೇರೆ ಮನೋರೋಗಗಳಲ್ಲಿ, ಯಾವ ರೋಗವೂ ಇಲ್ಲದವರಲ್ಲಿ ಸಹ ಇವು ಕಾಣಬಹುದು. ರೋಗಿಯ ಒಡಹುಟ್ಟಿದವರಲ್ಲಿ ತುಸು ಹೆಚ್ಚಾಗಿರುತ್ತವೆ. ಆದರೂ ಅವರಲ್ಲಿ ಬಹುಪಾಲು ಜನ ಆರೋಗ್ಯವಾಗಿಯೇ ಬಾಳುತ್ತಾರೆ. ಆ ದಿನ ವೈದ್ಯರ ಕೋಣೆಯಲ್ಲಿ ಹುಡುಗನ ಸಂಕೋಚ ಕಳೆಯಲೆಂದು ನಾನೂ ಮೇಜಿನ ಮೇಲೆ ಕೈಯಿಟ್ಟು ಮಾಡಿದೆ. ಎರಡು ಸಲ ತಪ್ಪಿದೆ. ವೈದ್ಯರು ನಕ್ಕರು.

ಮೂರು, ಈ ಪರೀಕ್ಷೆಯಿಂದ ಭವಿಷ್ಯ ಹೇಳಲಾಗದು. ಬ್ರಿಟನ್ನಿನ ಆ ಮಕ್ಕಳ ಒಂದು ತಿಂಗಳ ವ್ಯತ್ಯಾಸ ಸರಾಸರಿಯಲ್ಲಿ ಕಂಡದ್ದು. ಒಂದು ಮಗು ತುಸು ತಡವಾಗಿ ನಡೆದರೆ ಅದರಿಂದ ಮುಂದೆ ಈ ರೋಗ ಬರುತ್ತದೆಂದು ಹೇಳಲಾಗದು. ಕಪ್ಪು ಕೆಡವುವ ಹುಡುಗರೆಲ್ಲ ರೋಗಿಗಳಾದರೆ ಜಗತ್ತಿನಲ್ಲಿ ಆಸ್ಪತ್ರೆ ಸಾಲದು.

ಹಾಗಾದರೆ ಇವುಗಳಿಂದ ಪ್ರಯೋಜನವೇನು? ವೈದ್ಯರಿಗೆ ಪ್ರಯೋಜನವುಂಟು. ಉಳಿದ ಲಕ್ಷಣಗಳೊಡನೆ ಸೇರಿಸಿ ನೋಡಿದಾಗ ರೋಗದ ಸ್ವರೂಪ ತಿಳಿಯಲು ಸಹಾಯವಾಗುತ್ತದೆ. ರೋಗ ಇಳಿದವರಲ್ಲಿ ಚಲನೆಯ ತೊಡಕುಗಳೂ ಎಷ್ಟೋ ಮಟ್ಟಿಗೆ ಇಳಿಯುತ್ತವೆ. ರೋಗ ಹಳೆಯದಾಗಿ ನಿಂತವರಲ್ಲಿ ಉಳಿಯುತ್ತವೆ. ಇದೂ ವೈದ್ಯರಿಗೆ ಒಂದು ಗುರುತು. ಇನ್ನೊಂದು ದೊಡ್ಡ ಪ್ರಯೋಜನವೂ ಇದೆ. ಮನೋರೋಗವೆಂದು ಬಂದ ತರುಣನಿಗೆ ಫಿಟ್ಸ್ ಬರುತ್ತಿದ್ದರೆ, ಜ್ವರವಿದ್ದರೆ, ಮಾತು ತೊದಲುತ್ತಿದ್ದರೆ, ಬಾಯಿ ಕೈಗಳು ವಿಚಿತ್ರವಾಗಿ ಆಡುತ್ತಿದ್ದರೆ ಅವು ಮೃದು ಸೂಚನೆಗಳಲ್ಲ, ಗಟ್ಟಿ ಸೂಚನೆಗಳು. ದೇಹದಲ್ಲಿ ತಾಮ್ರ ಸೇರಿಕೊಳ್ಳುವ ವಿಲ್ಸನ್ನನ ರೋಗ, ದೇಹದ ರಕ್ಷಣಾಶಕ್ತಿಯೇ ಮಿದುಳಿನ ಮೇಲೆ ತಿರುಗಿಬೀಳುವ ಉರಿಯೂತ, ಇಂಥವು ತರುಣರಲ್ಲಿ ಮೊದಲು ಮನೋರೋಗದ ವೇಷದಲ್ಲಿ ಬರಬಹುದು. ಬೇಗ ಗುರುತಿಸಿದರೆ ಇವಕ್ಕೆ ಬೇರೆ ಚಿಕಿತ್ಸೆಯುಂಟು. ಅಂಥವರನ್ನು ಅದೇ ದಿನ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು.

ಮನೆಯವರಾದ ನಾವು ನೋಡತಕ್ಕದ್ದು ಕೈಬೆರಳನ್ನಲ್ಲ, ನಡೆನುಡಿಯಲ್ಲಾಗುವ ಬದಲಾವಣೆಯನ್ನು. ಚೆನ್ನಾಗಿದ್ದ ಹುಡುಗ ಅಥವಾ ಹುಡುಗಿ ಕೆಲವು ತಿಂಗಳಲ್ಲಿ ಗೆಳೆಯರನ್ನು ಬಿಡುವುದು, ಓದು ಕೆಡುವುದು, ನಿದ್ದೆ ತಲೆಕೆಳಗಾಗುವುದು, ಮೈಶುಚಿ ಬಿಡುವುದು, ತನ್ನಷ್ಟಕ್ಕೆ ನಗುವುದು ಅಥವಾ ಮಾತಾಡುವುದು, ಇಲ್ಲದ ಸಂಶಯ ಪಡುವುದು. ಇಂಥದು ಕಂಡರೆ ಕಾಯುತ್ತ ಕೂಡಬಾರದು. ಚಿಕಿತ್ಸೆ ಇಲ್ಲದೆ ಕಳೆದ ಕಾಲ ಕಡಿಮೆಯಾದಷ್ಟೂ ಗುಣ ಹೆಚ್ಚು ಎಂಬುದನ್ನು ಅನೇಕ ದೇಶಗಳ ಅನುಭವ ತೋರಿಸಿದೆ. ನಾವು ಕಳೆದ ಹದಿನಾಲ್ಕು ತಿಂಗಳನ್ನು ನನಗೆ ಯಾರೂ ತಿರುಗಿ ಕೊಡಲಾರರು. ನಿಮ್ಮಲ್ಲಿ ಯಾರಿಗಾದರೂ ಅದು ಉಳಿದರೆ ಈ ಭಾಷಣ ಸಾರ್ಥಕ.

ಎಲ್ಲಿಗೆ ಹೋಗಬೇಕೆಂದು ಕೇಳುವಿರಿ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಊರಿನ ಕಡೆ ಹೋಗುವವರಿಗೆ ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಪರಊರಿನಲ್ಲಿರುವ ನಮ್ಮಂಥವರಿಗೆ ಒಂದು ತೊಂದರೆಯುಂಟು. ಮನಸ್ಸಿನ ನೋವನ್ನು ಮರಾಠಿಯಲ್ಲೋ ಹಿಂದಿಯಲ್ಲೋ ಹೇಳಲು ನಾಲಗೆ ತಡೆಯುತ್ತದೆ; ನಮ್ಮ ವೈನಿಗೆ ವೈದ್ಯರ ಮುಂದೆ ಒಂದು ಮಾತೂ ಹೊರಡಲಿಲ್ಲ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆ 2022ರ ಅಕ್ಟೋಬರ್ 10ರಂದು ಆರಂಭವಾಯಿತು. 14416 ಎಂಬ ಸಂಖ್ಯೆಗೆ ಹಗಲು ರಾತ್ರಿ ಯಾವಾಗಲಾದರೂ ಖರ್ಚಿಲ್ಲದೆ ಕರೆ ಮಾಡಬಹುದು, ಕನ್ನಡದಲ್ಲಿಯೂ ಮಾತನಾಡಬಹುದು. ಈ ಸಂಖ್ಯೆಯನ್ನು ನಾಳೆಯಿಂದ ನಮ್ಮ ವಾಚನಾಲಯದ ಫಲಕದ ಮೇಲೆ ಬರೆದಿಡುತ್ತೇನೆ. ಯಾರಿಗಾದರೂ ಆಸ್ಪತ್ರೆಗೆ ಜೊತೆಗೆ ಬಂದು ಭಾಷೆ ಹೇಳಿಕೊಡುವವರು ಬೇಕಾದರೆ ಸಂಜೆ ನನಗೆ ತಿಳಿಸಿರಿ. ರಜೆಯ ದಿನ ನಾನು ಬರುತ್ತೇನೆ. ವಿಷಯ ಯಾರ ಕಿವಿಗೂ ಬೀಳುವುದಿಲ್ಲ.

ನಮ್ಮ ಹುಡುಗನ ಸಂಗತಿ ಹೇಳಿ ಮುಗಿಸುತ್ತೇನೆ. ಈಗ ಅವನಿಗೆ ಇಪ್ಪತ್ತೆರಡು. ಗುಳಿಗೆ ತಪ್ಪಿಸುವುದಿಲ್ಲ. ಧ್ವನಿಗಳು ನಿಂತಿವೆ. ಅರ್ಧ ದಿನ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಹಾಳೆ ಜೋಡಿಸುವುದರಲ್ಲಿ ಇಂದಿಗೂ ನಿಧಾನ. ಅಂಗಡಿಯವರಿಗೆ ನಾವೇ ಮುಂದಾಗಿ ತಿಳಿಸಿದ್ದೇವೆ, ಅವರು ಅವಸರ ಮಾಡುವುದಿಲ್ಲ. ಅಣ್ಣ ಅವನ ಮೇಲೆ ಕೈ ಎತ್ತುವುದನ್ನು ಬಿಟ್ಟಿದ್ದಾನೆ. ಮನೆಗೆ ಹೋದರೆ ಚಹಾ ಅವನೇ ತರುತ್ತಾನೆ. ಈಗ ಸ್ಟೀಲಿನ ಲೋಟದಲ್ಲಿ, ಅರ್ಧಕ್ಕೆ ಹಾಕಿ ತರುತ್ತಾನೆ. ಕೆಲವು ಸಲ ತುಳುಕುತ್ತದೆ. ನಾವು ಒರೆಸಿ ಕುಡಿಯುತ್ತೇವೆ.